ವರ್ಷದ ಸಿನಿಮಾ ಯಾವುದು ಸ್ವಾಮಿ?

ಹೋದ ಸಂಚಿಕೆಯಲ್ಲಿ ಒಂದು ಮಾತು ಕೇಳಿದ್ದೆವು: 2025ರಲ್ಲಿ ನೀವು ನೋಡಿದ ಒಳ್ಳೆಯ ಸಿನಿಮಾ ಯಾವುದು, ಯಾಕೆ? ಜೊತೆಗೆ ನಿಮ್ಮದೊಂದು ಪ್ರಶ್ನೆಯನ್ನೂ ಕಳಿಸಿ ಅಂದಿದ್ದೆವು. ಉತ್ತರ ಬಂದಿದ್ದು ಕಡಿಮೆ, ಜಗಳ ಬಂದಿದ್ದು ಜಾಸ್ತಿ. ಅದೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದಲೇ ಹೆಚ್ಚು. ಅದಕ್ಕೇ ಈ ಸಲದ ಅಂಕಣವನ್ನು ಪೂರ್ತಿ ಈ ಮೂರು ಜಿಲ್ಲೆಗೇ ಬಿಟ್ಟುಕೊಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ. ಫ್ಯಾನ್ಸ್ ಗಲಾಟೆ ನಿಮ್ಮ ಮನೆ ಬಾಗಿಲಿಗೆ ಬರುವುದು ಬೇಡ. ಉತ್ತರ ಬರೆಯುತ್ತಿರುವವನು ತುಮಕೂರಿನವನು. ಬೈಗುಳವಿದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ತಲುಪುತ್ತದೆ.

ಸುತ್ತಿ ಬಳಸಿ ಮಾತು ಬೇಡ ಸಾರ್. ಒಂದೇ ಒಂದು ಹೆಸರು ಹೇಳಿ. ಅಂಗಡಿಯಲ್ಲಿ ಗಿರಾಕಿ ಕಾಯ್ತಾ ಇದ್ದಾರೆ.
– ಶಿರಾ

‘ಸು ಫ್ರಮ್ ಸೋ’. ಹೋಗಿ, ಗಿರಾಕಿ ನೋಡಿಕೊಳ್ಳಿ.

ಪುರುಸೊತ್ತು ಇರುವವರಿಗೆ ವಿವರ. ಜುಲೈ 25ಕ್ಕೆ ಬಂದ ಸಿನಿಮಾ. ನಿರ್ದೇಶಕರು ಜೆ.ಪಿ. ತುಮಿನಾಡು, ಮುಖ್ಯ ಪಾತ್ರವೂ ಅವರದೇ. ಅದಕ್ಕೆ ಮೊದಲು ಈ ಹೆಸರು ನಮ್ಮ ಕಡೆ ಎಷ್ಟು ಜನರಿಗೆ ಗೊತ್ತಿತ್ತು ಹೇಳಿ? ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿದ್ದಾರೆ, ಗುರೂಜಿ ಪಾತ್ರ ಮಾಡಿದ್ದಾರೆ. ನಮ್ಮ ಕಡೆಯವರಿಗೆ ಚೆನ್ನಾಗಿ ಪರಿಚಯವಿದ್ದ ಮುಖ ಅದೊಂದೇ. ಕಥೆ ಅಂದರೆ ಇಷ್ಟು: ಕರಾವಳಿಯ ಹಳ್ಳಿಯ ಹುಡುಗನೊಬ್ಬ ಮಾಡಬಾರದ ಕೆಲಸಕ್ಕೆ ಹೋಗಿ ಸಿಕ್ಕಿಬೀಳುತ್ತಾನೆ, ಮಾನ ಉಳಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದವನ ಹಾಗೆ ಆಡುತ್ತಾನೆ. ಊರು ನಂಬಿಬಿಡುತ್ತದೆ. ದೆವ್ವಕ್ಕೆ ಹೆಸರೂ ಸಿಗುತ್ತದೆ, ಊರೂ ಸಿಗುತ್ತದೆ: ಸೋಮೇಶ್ವರದ ಸುಲೋಚನ.

ಇಲ್ಲಿ ಹೀರೋ ಅಂತ ಯಾರೂ ಇಲ್ಲ, ಊರೇ ಹೀರೋ. ಫ್ರೇಮಿನ ಮೂಲೆಯಲ್ಲಿ ನಿಂತವನಿಗೂ ಅವನದೇ ಒಂದು ಚಿಂತೆ, ಅವನದೇ ಒಂದು ಚಟ ಇರುತ್ತದೆ. ನಾನು ತುಮಕೂರಿನಲ್ಲಿ ಎರಡನೇ ವಾರದ ಭಾನುವಾರ ಸಂಜೆ ಶೋಗೆ ಹೋಗಿದ್ದೆ. ಹಾಲ್ ತುಂಬಿತ್ತು. ಒಂದು ಮಾತಿಗೆ ಎದ್ದ ನಗು ಇಳಿಯುವುದರೊಳಗೆ ಮುಂದಿನ ಎರಡು ಮಾತು ಮುಗಿದು ಹೋಗಿರುತ್ತಿತ್ತು. ಮುಂದಿನ ಸಾಲಿನ ಅಜ್ಜಿಯೊಬ್ಬರು ‘ಏನಂದ, ಏನಂದ’ ಅಂತ ಮೊಮ್ಮಗನನ್ನು ತಿವಿಯುತ್ತಲೇ ಇದ್ದರು. ಅವನು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ, ಹೊಟ್ಟೆ ಹಿಡಿದುಕೊಂಡಿದ್ದ. ಆಮೇಲೆ ಸುಲೋಚನಳ ಮಗಳು ಕಥೆಯೊಳಗೆ ಬರುತ್ತಾಳೆ. ಅಲ್ಲಿಂದ ನಗು ಬೇರೆ ದಾರಿ ಹಿಡಿಯುತ್ತದೆ. ಇಷ್ಟು ಹೊತ್ತು ನಾವು ಯಾರ ಹೆಸರು ಹಿಡಿದು ನಕ್ಕೆವು ಅನ್ನುವ ಯೋಚನೆ ನಿಧಾನಕ್ಕೆ ಬರುತ್ತದೆ. ಅದನ್ನು ಭಾಷಣ ಮಾಡದೆ ತಂದಿದ್ದಾರಲ್ಲ, ನನ್ನ ಓಟು ಅದಕ್ಕೆ.

ಕಲೆಕ್ಷನ್ 100 ಕೋಟಿ ದಾಟಿತು. ಆದರೆ ನಾನು ಇದನ್ನು ಮೊದಲು ಇಟ್ಟಿದ್ದಕ್ಕೆ ಕಾರಣ ಬೇರೆ. ನಮ್ಮ ಮೂರು ಜಿಲ್ಲೆಯಲ್ಲಿ ಜನ ಇದನ್ನು ನೋಡಿದ್ದು ಪಕ್ಕದ ಮನೆಯವರು ಹೇಳಿದರು ಅಂತ. ಕಟೌಟ್ ಇಲ್ಲ, ಹಾಲಿನ ಅಭಿಷೇಕ ಇಲ್ಲ. ಅಪ್ಪ, ಅಮ್ಮ, ಅತ್ತೆ ಎಲ್ಲರನ್ನೂ ಕಟ್ಟಿಕೊಂಡು ಬಂದರು. ಹಾಗೆ ಜನ ಬಂದು ಎಷ್ಟು ವರ್ಷ ಆಗಿತ್ತು ಅಂತ ಯಾವುದಾದರೂ ಥಿಯೇಟರ್ ಗೇಟಿನಲ್ಲಿ ನಿಲ್ಲುವವರನ್ನು ಕೇಳಿ ನೋಡಿ.

‘ಕಾಂತಾರ: ಚಾಪ್ಟರ್ 1’ ಬಂದ ವರ್ಷದಲ್ಲಿ ಬೇರೆ ಸಿನಿಮಾವನ್ನು ಮೊದಲ ಜಾಗದಲ್ಲಿ ಇಡೋಕೆ ಧೈರ್ಯ ಬೇಕು. ನೀವು ಇಟ್ಟೇ ಇಡ್ತೀರಾ ಅಂತ ಗೊತ್ತು. ಕಾರಣ ಕೊಡಿ.
– ಮಧುಗಿರಿ (ತುಮಕೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿನಿ)

ಮೊದಲೇ ಊಹೆ ಮಾಡಿಬಿಟ್ಟಿದ್ದೀಯಲ್ಲಮ್ಮ! ಸರಿ, ಕೇಳು.

ಅಕ್ಟೋಬರ್ 2ರಂದು ಬಂದ ಈ ಸಿನಿಮಾ ವರ್ಷದ ದೊಡ್ಡ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಎಲ್ಲ ಭಾಷೆ, ಎಲ್ಲ ದೇಶ ಸೇರಿ 800 ಕೋಟಿ ದಾಟಿತು ಅಂತ ಪತ್ರಿಕೆಗಳು ಬರೆದವು. ಕದಂಬರ ಕಾಲಕ್ಕೆ ಹೋಗಿ, ಕಾಡಿನವರಿಗೂ ಬಂಗ್ರದ ಅರಮನೆಗೂ ನಡುವಿನ ಕಥೆಯನ್ನು ಇಷ್ಟು ದೊಡ್ಡದಾಗಿ ಕಟ್ಟಬಹುದು ಅಂತ ಹತ್ತು ವರ್ಷದ ಹಿಂದೆ ಹೇಳಿದ್ದರೆ ನಮ್ಮ ಸಿನಿಮಾದವರ ಅಡ್ಡೆ ಗಾಂಧಿನಗರದಲ್ಲಿ ಯಾರೂ ನಂಬುತ್ತಿರಲಿಲ್ಲ. ಅರವಿಂದ್ ಕಶ್ಯಪ್ ಕ್ಯಾಮೆರಾ ಕೆಲಸವನ್ನು ಟೀವಿಯಲ್ಲಿ ನೋಡಿದರೆ ಅರ್ಧ ಹೋಗುತ್ತದೆ. ಪೇಟೆಯ ಬೀದಿಯಲ್ಲಿ ರಥ ನುಗ್ಗುವ ದೃಶ್ಯ ಇದೆಯಲ್ಲ, ನಮ್ಮೂರ ಜಾತ್ರೆಯಲ್ಲಿ ತೇರು ಎಳೆದವರಿಗೆ ಅದು ಬೇರೆಯೇ ಥರ ಮೈ ಜುಮ್ ಅನ್ನಿಸುತ್ತದೆ. ಮಿಣಿ ಹಿಡಿದ ಕೈಗೆ ತೇರು ಮಾತು ಕೇಳದೆ ಇದ್ದರೆ ಏನಾಗುತ್ತದೆ ಅಂತ ಗೊತ್ತಿರುತ್ತದಲ್ಲ. ರುಕ್ಮಿಣಿ ವಸಂತ್ ಪಾತ್ರ ಮೊದಲರ್ಧದಲ್ಲಿ ಬರೀ ಚೆಂದಕ್ಕೆ ಇದೆ ಅಂದುಕೊಂಡು ಕೂತವರಿಗೆ ಕೊನೆಯಲ್ಲಿ ಸರಿಯಾದ ಏಟು ಬೀಳುತ್ತದೆ.

ಆದರೆ ತೊಂದರೆ ಎಲ್ಲಿ ಅಂದರೆ, ಜೋರು ಜಾಸ್ತಿ. 2022ರ ‘ಕಾಂತಾರ’ದಲ್ಲಿ ಒಂದು ಊರಿನ ಜಮೀನಿನ ಜಗಳ ಇತ್ತು. ಅರಣ್ಯ ಇಲಾಖೆಯವನು, ಧಣಿ, ಕಂಬಳದ ಹುಡುಗ, ಇವರೆಲ್ಲ ನಮಗೆ ಗೊತ್ತಿರುವ ಜನ. ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ದೈವದ ಆ ಕೂಗು ಎದೆಗೆ ಬಂದು ತಾಗಿತ್ತು, ಯಾಕೆಂದರೆ ಅದಕ್ಕೆ ಮುಂಚೆ ಸಿನಿಮಾ ತುಂಬ ಹೊತ್ತು ಸಾಮಾನ್ಯ ದನಿಯಲ್ಲೇ ಮಾತಾಡಿತ್ತು. ಈ ಸಲ ಶುರುವಿನಿಂದಲೇ ಕೂಗು. ನಡುವೆ ಕಾಮಿಡಿ ಬರುತ್ತದೆ, ಅದು ಬೇರೆ ಕಾಲದ ಕಾಮಿಡಿ ಅನ್ನಿಸುತ್ತದೆ. ಯುದ್ಧ ಮುಗಿದ ಮೇಲೆ ಇನ್ನೊಂದು ಯುದ್ಧ. ಕಣ್ಣಿಗೆ ಹಬ್ಬ, ನಿಜ. ಮನೆಗೆ ಬಂದ ಮೇಲೆ ನನಗೆ ನೆನಪಾಗಿದ್ದು ದೃಶ್ಯಗಳು. ಪಾತ್ರಗಳು ನೆನಪಾಗಲಿಲ್ಲ.

ನಿನಗೆ ಬೇರೆ ಥರ ಅನ್ನಿಸಿರಬಹುದು. ಬರಿ, ಹಾಕೋಣ. ನಿನ್ನ ಪತ್ರದಲ್ಲಿ ‘ಮೂರು ಸಲ ನೋಡಿದೆ, ಮೂರು ಸಲವೂ ಅತ್ತೆ’ ಅಂತ ಇದೆ. ಅಳು ಬಂದ ಜಾಗ ಯಾವುದು ಅಂತ ಬರೆದಿದ್ದರೆ ನನ್ನ ವಾದಕ್ಕೆ ಸ್ವಲ್ಪ ಕಷ್ಟ ಆಗುತ್ತಿತ್ತು.

ನಾವು ನೋಡದೆ ಬಿಟ್ಟ ಒಳ್ಳೆ ಸಿನಿಮಾ ಯಾವುದು? ಇಲ್ಲಿ ಸಣ್ಣ ಸಿನಿಮಾ ಶುಕ್ರವಾರ ಬಂದರೆ ಸೋಮವಾರ ಇರಲ್ಲ. ನಮ್ಮದು ತಪ್ಪಾ, ಥಿಯೇಟರ್‌ನವರದಾ?
– ತಿಪಟೂರು

‘ಅಜ್ಞಾತವಾಸಿ’. ಏಪ್ರಿಲ್ 11ಕ್ಕೆ ಬಂತು. ಜನಾರ್ದನ್ ಚಿಕ್ಕಣ್ಣ ನಿರ್ದೇಶನ, ಹೇಮಂತ್ ರಾವ್ ನಿರ್ಮಾಣ. ಮಲೆನಾಡಿನ ಒಂದು ಊರು, ಅಪರಾಧವೇ ನಡೆಯದ ಪೊಲೀಸ್ ಠಾಣೆ, ಊರಿಗೆ ಮೊದಲ ಕಂಪ್ಯೂಟರ್ ಬರುವ ಕಾಲ. ಒಂದು ಸಾವಾಗುತ್ತದೆ. ಎಲ್ಲರೂ ವಯಸ್ಸಾಗಿ ಹೋದರು ಅಂದುಕೊಳ್ಳುತ್ತಾರೆ, ಇನ್ಸ್‌ಪೆಕ್ಟರ್ ಒಬ್ಬರಿಗೆ ಮಾತ್ರ ಅನುಮಾನ. ಆ ಇನ್ಸ್‌ಪೆಕ್ಟರ್ ನಮ್ಮ ರಂಗಾಯಣ ರಘು. ಇವರು ಕೂಗಾಡಿ ನಗಿಸುವುದನ್ನೇ ನೋಡಿ ಅಭ್ಯಾಸವಾದವರಿಗೆ ಇಲ್ಲಿ ಬೇರೆ ಮನುಷ್ಯ ಸಿಗುತ್ತಾರೆ. ಮಾತೇ ಕಡಿಮೆ. ಸುಮ್ನೆ ನಿಂತು ನೋಡುತ್ತಾರೆ. ಆ ನೋಟದಲ್ಲೇ ಅರ್ಧ ತನಿಖೆ ಮುಗಿಯುತ್ತದೆ. ವರ್ಷದ ನಟ ಯಾರು ಅಂತ ಕೇಳಿದವರಿಗೂ ಇದೇ ಉತ್ತರ.

ಇನ್ನೊಂದು ‘ಮಿಥ್ಯ’, ಮಾರ್ಚ್ 7ಕ್ಕೆ ಬಂದಿದ್ದು, ಸುಮಂತ್ ಭಟ್ ನಿರ್ದೇಶನ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ ಮುಂಬೈನಿಂದ ಉಡುಪಿ ಕಡೆಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಅಷ್ಟೇ. ಹುಡುಗ ಆತಿಶ್ ಶೆಟ್ಟಿಯ ಮುಖ ನೋಡುತ್ತಾ ನೋಡುತ್ತಾ ಸಿನಿಮಾ ಮುಗಿದು ಹೋಗುತ್ತದೆ.

ಈಗ ತಪ್ಪು ಯಾರದು ಅನ್ನೋ ವಿಚಾರ. ನಮ್ಮ ಸಿಂಗಲ್ ಸ್ಕ್ರೀನ್‌ಗಳಲ್ಲಿ ಹಿಂದಿನಿಂದಲೂ ಬಾಡಿಗೆ ಪದ್ಧತಿ ಇದೆ. ಅಂದರೆ ವಾರಕ್ಕೆ ಇಷ್ಟು ಅಂತ ಸಿನಿಮಾದವರೇ ಥಿಯೇಟರ್‌ಗೆ ಕಟ್ಟಬೇಕು, ಜನ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಮಲ್ಟಿಪ್ಲೆಕ್ಸ್‌ನಲ್ಲಿ ಬಾಡಿಗೆ ಇಲ್ಲ, ಬಂದ ದುಡ್ಡಿನಲ್ಲಿ ಪಾಲು. ಇದರ ಮೇಲೆ ಸಿನಿಮಾವನ್ನು ಪರದೆಗೆ ಕಳಿಸುವ ಡಿಜಿಟಲ್ ಕಂಪನಿಗಳಿಗೆ ಬೇರೆ ಕೊಡಬೇಕು. ಸಣ್ಣ ನಿರ್ಮಾಪಕ ಬೆಂಗಳೂರು, ಮೈಸೂರು, ಮಂಗಳೂರಿಗೆ ದುಡ್ಡು ಹೊಂದಿಸಿಕೊಂಡು ಬರುವ ಹೊತ್ತಿಗೆ ತಿಪಟೂರಿನ ಬಾಡಿಗೆ ಕಟ್ಟೋಕೆ ಕೈಯಲ್ಲಿ ಏನೂ ಉಳಿದಿರಲ್ಲ. ಹೇಗೋ ಬಂದರೂ ಕೊಡುವುದು ಬೆಳಗಿನ ಶೋ. ಬೆಳಗ್ಗೆ ಹತ್ತೂವರೆಗೆ ಕೊಬ್ಬರಿ ಮಂಡಿ ಬಿಟ್ಟು ಯಾರು ಸಿನಿಮಾಗೆ ಬರುತ್ತಾರೆ ಹೇಳಿ? ನಾಲ್ಕು ಜನ ಬಂದರೆ ‘ಜನ ಇಲ್ಲ ಸಾರ್, ಶೋ ಇಲ್ಲ’ ಅಂತ ವಾಪಸ್ ಕಳಿಸುತ್ತಾರೆ. ಆ ನಾಲ್ಕು ಜನ ಮತ್ತೆ ಬರಲ್ಲ.

ನಮ್ಮ ಪಾಲಿನ ತಪ್ಪೂ ಇದೆ. ‘ಚೆನ್ನಾಗಿದೆಯಂತೆ, ಮುಂದಿನ ವಾರ ನೋಡೋಣ’ ಅಂತೀವಿ. ಸಣ್ಣ ಸಿನಿಮಾಗೆ ಮುಂದಿನ ವಾರ ಅನ್ನೋದು ಇರಲ್ಲ. ಶನಿವಾರ ರಾತ್ರಿಯೊಳಗೆ ಅದರ ಹಣೆಬರಹ ಬರೆದು ಮುಗಿದಿರುತ್ತದೆ. ಭಾನುವಾರದ ಜನ ನೋಡಿಕೊಂಡು ಸೋಮವಾರದ ಶೋ ಉಳಿಸುತ್ತಾರೆ ಅಥವಾ ತೆಗೆಯುತ್ತಾರೆ.

ನಮ್ಮ ಕಡೆ ಜಾಸ್ತಿ ತೆಲುಗು ಸಿನಿಮಾ ನೋಡ್ತೀವಿ. ಅದಕ್ಕೆ ಬೆಂಗಳೂರಿನ ನೆಂಟರು ‘ನೀವೆಲ್ಲ ಎಂಥ ಕನ್ನಡದವರು’ ಅಂತ ಹಂಗಿಸುತ್ತಾರೆ. ವರ್ಷದ ಸಿನಿಮಾ ಹೇಳೋಕೆ ನಮಗೆ ಹಕ್ಕಿಲ್ವಾ?
– ಚಿಂತಾಮಣಿ

ಇದೆ, ಪೂರ್ತಿ ಇದೆ. ನಿಮ್ಮ ನೆಂಟರಿಗೆ ಒಂದು ಸಲ ಬಾಗೇಪಲ್ಲಿ ಬಸ್ಸು ಹತ್ತಿಸಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಎರಡೂ, ಬೈಯೋಕೆ ಯಾವುದು ಬಾಯಿಗೆ ಬಂದರೆ ಅದು. ಕೈವಾರದ ತಾತಯ್ಯನವರೇ ಎರಡೂ ಭಾಷೆಯಲ್ಲಿ ಹಾಡಿದವರು. ನಿಮ್ಮ ಕಡೆ ಇದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ.

ತೆಲುಗಿನವರಿಗೂ ನಿಮ್ಮ ಬೆಲೆ ಗೊತ್ತು. 2022ರ ಮಾರ್ಚ್ 19ರಂದು ‘ಆರ್‌ಆರ್‌ಆರ್’ ಸಿನಿಮಾದ ದೊಡ್ಡ ಕಾರ್ಯಕ್ರಮ ಮಾಡಿದ್ದು ಚಿಕ್ಕಬಳ್ಳಾಪುರದಲ್ಲಿ. ಆಂಧ್ರದ ಗಡಿಯಿಂದಲೂ ಜನ ಬರುತ್ತಾರೆ, ಬೆಂಗಳೂರಿನಿಂದಲೂ ಬರುತ್ತಾರೆ. ನಮ್ಮ ನಿರ್ಮಾಪಕರು ಈ ಲೆಕ್ಕ ಹಾಕುವುದು ಕಡಿಮೆ. ಕನ್ನಡ ಸಿನಿಮಾದ ತಂಡ ಹುಬ್ಬಳ್ಳಿಗೆ ಹೋಗುತ್ತದೆ, ದಾವಣಗೆರೆಗೆ ಹೋಗುತ್ತದೆ. ಚಿಂತಾಮಣಿಗೆ ಕೊನೆಯ ಸಲ ಯಾವಾಗ ಬಂದಿದ್ದರು ಅಂತ ನೀವೇ ಹೇಳಿ. ಕರೆಯದ ಮನೆಗೆ ಜನ ಬರಲ್ಲ ಅಂತ ಕೋಪ ಮಾಡಿಕೊಂಡರೆ ಹೇಗೆ?

2025ರ ತೆಲುಗಿನಲ್ಲಿ ನನಗೆ ಹಿಡಿಸಿದ್ದು ‘ಕೋರ್ಟ್’. ಮಾರ್ಚ್ 14ಕ್ಕೆ ಬಂತು, ನಾನಿ ನಿರ್ಮಾಣ, ಪ್ರಿಯದರ್ಶಿ ವಕೀಲನ ಪಾತ್ರ. ಹುಡುಗ ಹುಡುಗಿಯ ಪ್ರೀತಿಗೆ ಹುಡುಗಿ ಮನೆಯವರು ಪೋಕ್ಸೊ ಕೇಸು, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು, ಹಾಕಿಸುವ ಕಥೆ. ದೊಡ್ಡ ಹೀರೋ ಇಲ್ಲ, ಆದರೂ ಓಡಿತು. ಇಂಥ ವಿಷಯ ಕನ್ನಡದವರ ಕೈಗೆ ಮೊದಲು ಬರಬೇಕಿತ್ತು ಅಂತ ಹೊಟ್ಟೆಕಿಚ್ಚು ಆಯಿತು.

ಡಬ್ಬಿಂಗ್, ಅಂದರೆ ಬೇರೆ ಭಾಷೆಯ ಸಿನಿಮಾಗೆ ಕನ್ನಡದ ಮಾತು ಕೂಡಿಸುವ ವಿಷಯವನ್ನೂ ಕೇಳಿದ್ದೀರಿ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟಾಗ ಇಲ್ಲಿ ದೊಡ್ಡ ಗಲಾಟೆಯೇ ಇತ್ತು. ಹತ್ತು ವರ್ಷ ಆಯಿತು. ಜುಲೈ 25ಕ್ಕೆ, ‘ಸು ಫ್ರಮ್ ಸೋ’ ಬಂದ ಅದೇ ಶುಕ್ರವಾರ, ‘ಮಹಾವತಾರ ನರಸಿಂಹ’ ಅನ್ನುವ ಆನಿಮೇಷನ್ ಸಿನಿಮಾ ಕನ್ನಡದಲ್ಲೂ ಬಂತು. ಒಂದರಿಂದ ಇನ್ನೊಂದಕ್ಕೆ ಏನೂ ತೊಂದರೆ ಆಗಲಿಲ್ಲ. ಮಕ್ಕಳು ಅಲ್ಲಿ, ದೊಡ್ಡವರು ಇಲ್ಲಿ. ಪ್ರಹ್ಲಾದ ಕನ್ನಡದಲ್ಲಿ ಮಾತಾಡಿದ್ದರಿಂದ ಕನ್ನಡಕ್ಕೆ ನಷ್ಟವಾಯಿತು ಅನ್ನುವವರು ಈಗ ಯಾರೂ ಸಿಗಲ್ಲ.

ಟಿಕೆಟ್ 200 ರೂಪಾಯಿ ಅಂತ ಸರ್ಕಾರ ಹೇಳಿತ್ತಲ್ಲ, ಏನಾಯಿತು?
– ಗೌರಿಬಿದನೂರು

ಮಾರ್ಚ್ ಬಜೆಟ್‌ನಲ್ಲಿ ಹೇಳಿದರು, ಸೆಪ್ಟೆಂಬರ್ 12ಕ್ಕೆ ನಿಯಮ ಬಂತು, ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ತೆರಿಗೆ ಬಿಟ್ಟು 200 ರೂಪಾಯಿ ಮೇಲೆ ಹೋಗಬಾರದು ಅಂತ ಇತ್ತು, 75 ಸೀಟಿನೊಳಗಿನ ಐಷಾರಾಮಿ ಹಾಲ್‌ಗಳಿಗೆ ವಿನಾಯಿತಿ. ಹತ್ತು ದಿನದಲ್ಲೇ ‘ಕಾಂತಾರ’ ಬಂತು, ಬೆಂಗಳೂರಿನ ಮಲ್ಟಿಪ್ಲೆಕ್ಸ್ ರೇಟು ನೀವೂ ನೋಡಿರುತ್ತೀರಿ.

ನಮ್ಮ ತಾಲ್ಲೂಕು ಥಿಯೇಟರ್‌ಗಳಿಗೆ ಇದು ದೊಡ್ಡ ವಿಷಯವೇ ಅಲ್ಲ, ಅಲ್ಲಿ ರೇಟು ಮೊದಲೇ ಅದಕ್ಕಿಂತ ಕಡಿಮೆ. ಇಲ್ಲಿ ಬೇಕಿರುವುದು ಸರಿಯಾದ ಸೌಂಡು, ಮುರಿಯದ ಸೀಟು, ಹೆಣ್ಣುಮಕ್ಕಳು ಮೂಗು ಮುಚ್ಚಿಕೊಳ್ಳದೆ ಹೋಗಿಬರುವಂಥ ಟಾಯ್ಲೆಟ್ಟು. ಅದಕ್ಕೂ ಒಂದು ನಿಯಮ ಬಂದರೆ ನಾನೇ ಹಾರ ತಗೊಂಡು ಹೋಗುತ್ತೇನೆ.

ನಮ್ಮ ಬಾಸ್ ಸಿನಿಮಾ ನಿಮ್ಮ ಪಟ್ಟಿಯಲ್ಲಿ ಇರಲ್ಲ ಅಂತ ಗೊತ್ತು. ಇರದಿದ್ದರೆ ಪತ್ರಿಕೆ ಸುಡ್ತೀವಿ.
– ಮಾಲೂರು

ಮೊದಲು ಕೊಂಡುಕೊಳ್ಳಿ ಅಣ್ಣಾ, ಆಮೇಲೆ ಸುಡಿ. ನಮಗೂ ನಾಲ್ಕು ಕಾಸು ಬರಲಿ.

ಆದರೂ ಒಂದು ಮಾತು. ನಿಮ್ಮ ಪತ್ರ ಎರಡು ಪುಟ ಇದೆ, ಕಲೆಕ್ಷನ್ ಇದೆ, ಸ್ಕ್ರೀನ್ ಎಷ್ಟು ಅಂತ ಇದೆ, ಬೇರೆ ನಟನ ಅಭಿಮಾನಿಗಳಿಗೆ ಬೈಗುಳ ಇದೆ. ಸಿನಿಮಾದಲ್ಲಿ ನಿಮಗೆ ಇಷ್ಟವಾದ ಒಂದು ದೃಶ್ಯದ ಬಗ್ಗೆ ಒಂದು ಸಾಲು ಇಲ್ಲ. ಕಲೆಕ್ಷನ್ ನಿರ್ಮಾಪಕರಿಗೆ ಸೇರಿದ್ದು, ದೃಶ್ಯ ಮಾತ್ರ ನಿಮ್ಮದು. ಇನ್ನೊಂದು ಪತ್ರ ಬರೆಯಿರಿ, ಹೀರೋ ಯಾರಾದರೂ ಸರಿ, ಹಾಕುತ್ತೇನೆ.

ನಮ್ಮೂರ ಹೆಸರಿನಲ್ಲಿ ಅಷ್ಟು ದೊಡ್ಡ ಸಿನಿಮಾ ಬಂತು. ನಮ್ಮೂರಿನ ಕಥೆ ಮಾತ್ರ ಬರಲಿಲ್ಲ. ಕರಾವಳಿ ಮಾತು, ಮಂಡ್ಯ ಮಾತು ಎಲ್ಲ ಸಿನಿಮಾದಲ್ಲಿ ಬರುತ್ತದೆ, ಕೋಲಾರದ ಮಾತು ಯಾಕೆ ಬರಲ್ಲ?
– ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್

ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬ ಇಷ್ಟವಾಗಿದ್ದು ಇದು.

‘ಕೆ.ಜಿ.ಎಫ್’ 2018ರ ಡಿಸೆಂಬರ್‌ನಲ್ಲಿ ಬಂತು, ಎರಡನೆಯದು 2022ರ ಏಪ್ರಿಲ್ 14ಕ್ಕೆ. ಚಿನ್ನದ ಗಣಿಯ ಕಸ ಸುರಿದ ನಿಮ್ಮೂರ ಸೈನೈಡ್ ದಿಬ್ಬಗಳ ಮೇಲೆ ಶೂಟಿಂಗ್ ಆಗಿದ್ದು ನಿಜ. ಆದರೆ ಅದು ಕಲ್ಪನೆಯ ಊರು. ನಿಜವಾದ ಊರಿನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಇತ್ತು, 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಲೈನ್ ಮನೆಗಳಲ್ಲಿ ತಮಿಳು ಮಾತಾಡುವ ಕಾರ್ಮಿಕರು, ಪಕ್ಕದಲ್ಲೇ ಸಾಹೇಬರ ಬಂಗಲೆ, ಕ್ಲಬ್ಬು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಬೆಳಗಿನ ಜಾವದ ರೈಲಿನಲ್ಲಿ ನಿಂತುಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಕ್ಕಳು, ಮೊಮ್ಮಕ್ಕಳು. ಈ ರೈಲಿನ ಒಂದು ಬೋಗಿ ಸಾಕು ಸಿನಿಮಾ ಮಾಡೋಕೆ. ತಮಿಳಿನಲ್ಲಿ ಪಾ. ರಂಜಿತ್ 2024ರಲ್ಲಿ ಗಣಿಯ ಹಳೇ ಕಾಲಕ್ಕೆ ಹೋಗಿ ‘ತಂಗಲಾನ್’ ಮಾಡಿದರು. ಗಣಿ ಮುಚ್ಚಿದ ಮೇಲಿನ ಕಥೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಯಾರೂ ಮುಟ್ಟಿಲ್ಲ.

ಮಾತಿನ ವಿಷಯ. ಕರಾವಳಿಯವರ ಮಾತು ಬರುತ್ತಿರುವುದು ಕರಾವಳಿಯ ಹುಡುಗರೇ ಕಥೆ ಬರೆದು, ತಾವೇ ಡೈರೆಕ್ಟ್ ಮಾಡಿ, ತಮ್ಮ ನಾಟಕದ ಗೆಳೆಯರನ್ನೇ ಪಾತ್ರಕ್ಕೆ ಹಾಕಿಕೊಳ್ಳುತ್ತಿರುವುದರಿಂದ. ನಮ್ಮ ಕಡೆಯವರಿಗೇನು ಕಡಿಮೆ? ಗುಬ್ಬಿ ವೀರಣ್ಣನವರ ಕಂಪನಿ ಇದ್ದಿದ್ದು ನಮ್ಮ ಜಿಲ್ಲೆಯಲ್ಲಿ. ನರಸಿಂಹರಾಜು ತಿಪಟೂರಿನವರು. ಜಗ್ಗೇಶ್ ತುರುವೇಕೆರೆಯ ಮಾಯಸಂದ್ರದ ಕಡೆಯವರು. ಸೌಂದರ್ಯ ನಿಮ್ಮ ಮುಳಬಾಗಿಲಿನ ಕಡೆಯವರು, ಅವರೇ ನಿರ್ಮಿಸಿ ನಟಿಸಿದ ‘ದ್ವೀಪ’ಕ್ಕೆ ದೇಶದ ಅತ್ಯುತ್ತಮ ಸಿನಿಮಾ ಅಂತ ಸ್ವರ್ಣಕಮಲ ಬಂತು. ಜನ ಬಂದರು, ಹೆಸರು ಮಾಡಿದರು, ಮಾತನ್ನು ಮಾತ್ರ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಹೋದರು. ಬೆಂಗಳೂರು ಪಕ್ಕದಲ್ಲೇ ಇರುವುದರ ತೊಂದರೆ ಇದು. ಮಂಗಳೂರಿನವನು ಅಲ್ಲೇ ಒಂದು ತಂಡ ಕಟ್ಟುತ್ತಾನೆ. ನಮ್ಮ ಹುಡುಗ ಬೆಳಗ್ಗೆ ರೈಲು ಹತ್ತಿ ಹೋಗಿ ಬೇರೆಯವರ ತಂಡದಲ್ಲಿ ಸಹಾಯಕನಾಗಿ ನಿಂತು, ಬೆಂಗಳೂರು ಕನ್ನಡ ಕಲಿತುಕೊಂಡು ಬರುತ್ತಾನೆ.

ಒಂದು ಅಪವಾದ ಇದೆ. 2024ರ ಮೇ ತಿಂಗಳಲ್ಲಿ ‘ಮೂರನೇ ಕೃಷ್ಣಪ್ಪ’ ಬಂದಿತ್ತು, ಆನೇಕಲ್ ಕಡೆಯ ಮಾತು, ಮಾಲೂರಿನವರಿಗೆ ಪಕ್ಕದ ಮನೆಯ ಮಾತು. ಅದನ್ನು ನೋಡಿದವರು ಕೈ ಎತ್ತಿ. ಅದೇ ನೋಡಿ!

ಸರ್ಕಾರದ ಪ್ರಶಸ್ತಿ ಪಟ್ಟಿ ನೋಡಿಕೊಂಡು ವರ್ಷದ ಸಿನಿಮಾ ಯಾವುದು ಅಂತ ಹೇಳಬಹುದಲ್ಲ, ಜಗಳ ಯಾಕೆ?
– ತುರುವೇಕೆರೆ (ನಿವೃತ್ತ ಮೇಷ್ಟ್ರು)

ಹೇಳಬಹುದು ಮೇಷ್ಟ್ರೇ, ಯಾವ ವರ್ಷದ್ದು ಅಂತ ಮೊದಲು ಕೇಳಬೇಕು. 2025ರ ಜನವರಿಯಲ್ಲಿ ಬಂದಿದ್ದು 2019ರ ರಾಜ್ಯ ಪ್ರಶಸ್ತಿ. ಅಕ್ಟೋಬರಿನಲ್ಲಿ ಬಂದಿದ್ದು 2021ರದ್ದು. ಈ ವೇಗದಲ್ಲಿ ಹೋದರೆ 2025ರ ಪಟ್ಟಿ ಬರುವ ಹೊತ್ತಿಗೆ ಮಧುಗಿರಿಯ ಹುಡುಗಿಗೆ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ರಾಷ್ಟ್ರ ಪ್ರಶಸ್ತಿ ಎರಡು ವರ್ಷ ಹಿಂದಿದೆ: 2025ರ ಆಗಸ್ಟ್ 1ಕ್ಕೆ ಹೇಳಿದ್ದು 2023ರ ಸಿನಿಮಾಗಳನ್ನು, ಕನ್ನಡಕ್ಕೆ ‘ಕಂದೀಲು’.

ನಿಮಗೊಂದು ಸಂತೋಷದ ವಿಷಯ. 2019ರ ಮೊದಲ ಅತ್ಯುತ್ತಮ ಚಿತ್ರ ‘ಮೋಹನದಾಸ’, ನಿರ್ದೇಶಕರು ಪಿ. ಶೇಷಾದ್ರಿ, ನಿಮ್ಮ ತಾಲ್ಲೂಕಿನ ದಂಡಿನಶಿವರದವರು. ಗಾಂಧೀಜಿಯ ಬಾಲ್ಯದ ಕಥೆ. ನಿಮ್ಮ ಶಾಲೆಯಲ್ಲಿ ಒಂದು ಸಲ ಮಕ್ಕಳಿಗೆ ತೋರಿಸಿ, ನಿವೃತ್ತರಾದರೇನಂತೆ, ನಿಮ್ಮ ಮಾತಿಗೆ ಈಗಲೂ ಬೆಲೆ ಇರುತ್ತದೆ.

ನಮ್ಮ ಯಜಮಾನರು ‘ಒಂದು ತಿಂಗಳು ತಡ್ಕೋ, ಮೊಬೈಲಿಗೆ ಬರುತ್ತೆ’ ಅಂತಾರೆ. ಸಿನಿಮಾಗೆ ಕರ್ಕೊಂಡು ಹೋಗಲ್ಲ. ಏನಾದರೂ ಬರೆಯಿರಿ.
– ಕುಣಿಗಲ್

ಯಜಮಾನರ ಲೆಕ್ಕ ತಪ್ಪಿಲ್ಲ ಅನ್ನೋದೇ ಬೇಜಾರು. ‘ಕಾಂತಾರ’ ಅಕ್ಟೋಬರ್ 2ಕ್ಕೆ ಥಿಯೇಟರಿಗೆ ಬಂದು ಅಕ್ಟೋಬರ್ 31ಕ್ಕೆ ಪ್ರೈಮ್‌ನಲ್ಲಿತ್ತು. ‘ಸು ಫ್ರಮ್ ಸೋ’ ಸ್ವಲ್ಪ ತಡೆದು ಸೆಪ್ಟೆಂಬರ್ 9ಕ್ಕೆ ಹಾಟ್‌ಸ್ಟಾರ್‌ಗೆ ಬಂತು.

ಆದರೆ ಇದು ಗೆದ್ದ ಸಿನಿಮಾಗಳ ಮಾತು. ಓಟಿಟಿಯವರು ಕನ್ನಡ ಸಿನಿಮಾಗಳನ್ನು ಕೊಳ್ಳುವುದೇ ಕಡಿಮೆ. ರಕ್ಷಿತ್ ಶೆಟ್ಟಿಯಂಥವರು ನಿರ್ಮಿಸಿದ ‘ಏಕಂ’ ವೆಬ್ ಸೀರೀಸ್ ಅನ್ನೇ ಯಾರೂ ಕೊಳ್ಳದೆ, 2024ರಲ್ಲಿ ತಾವೇ ಒಂದು ವೆಬ್‌ಸೈಟ್ ಮಾಡಿ ಬಿಡಬೇಕಾಯಿತು. ಥಿಯೇಟರಿನಲ್ಲಿ ಸೋತ ಸಣ್ಣ ಸಿನಿಮಾ ಮೊಬೈಲಿಗೆ ಬರಬಹುದು, ಬಾರದೆಯೂ ಇರಬಹುದು. ಯಜಮಾನರಿಗೆ ಹೀಗೆ ಹೇಳಿ: ದೊಡ್ಡ ಸಿನಿಮಾಗೆ ಕಾಯೋಣ, ಸಣ್ಣ ಸಿನಿಮಾಗೆ ಈ ಶನಿವಾರವೇ ಹೋಗೋಣ. ಟಿಕೆಟ್ ಸಲೀಸಾಗಿ ಸಿಗುತ್ತದೆ, ಪಾರ್ಕಿಂಗ್ ಖಾಲಿ ಇರುತ್ತದೆ, ಜಗಳವಾಡೋಕೂ ಅಕ್ಕಪಕ್ಕ ಯಾರೂ ಇರಲ್ಲ.

‘ಏಳುಮಲೆ’ ಬಿಟ್ಟುಬಿಟ್ಟಿರಲ್ಲ?
– ಶಿಡ್ಲಘಟ್ಟ

ಬಿಟ್ಟಿಲ್ಲ, ನೀವು ಕೇಳಲಿ ಅಂತ ಕಾಯುತ್ತಿದ್ದೆ. ಸೆಪ್ಟೆಂಬರ್ 5ಕ್ಕೆ ಬಂತು, ಪುನೀತ್ ರಂಗಸ್ವಾಮಿ ನಿರ್ದೇಶನ, ತರುಣ್ ಸುಧೀರ್ ನಿರ್ಮಾಣ. 2004, ವೀರಪ್ಪನ್ ಕಾಲ, ಮಲೆ ಮಹದೇಶ್ವರ ಬೆಟ್ಟದ ಗಡಿ, ಓಡಿಹೋಗುವ ಜೋಡಿ. ರಾಣಾ ಮತ್ತು ಪ್ರಿಯಾಂಕಾ ಆಚಾರ್ ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ಚೆಕ್‌ಪೋಸ್ಟ್ ದ್ವಿತೀಯಾರ್ಧ ಸೀಟಿನ ತುದಿಗೆ ತಂದು ಕೂರಿಸುತ್ತದೆ. ಪ್ರೇಮಕಥೆಯ ಭಾಗ ನಾವು ನೂರು ಸಲ ನೋಡಿದ್ದು. ನನ್ನ ಪಟ್ಟಿಯಲ್ಲಿ ನಾಲ್ಕನೆಯದು, ‘ಮಿಥ್ಯ’ದ ಕೆಳಗೆ, ‘ಕಾಂತಾರ’ದ ಮೇಲೆ. ಹೌದು, ಮೇಲೆ. ಮಾಲೂರಿನವರು ಬೆಂಕಿಪೊಟ್ಟಣ ಹುಡುಕುತ್ತಿರುವುದು ಕೇಳಿಸುತ್ತಿದೆ.

ಡಿಸೆಂಬರ್ 25ಕ್ಕೆ ಒಟ್ಟಿಗೇ ಬಂದ ‘45’ ಮತ್ತು ‘ಮಾರ್ಕ್’ ಬಗ್ಗೆಯೂ ಸುಮಾರು ಜನ ಬರೆದಿದ್ದೀರಿ. ಅಷ್ಟು ತಡವಾಗಿ ಬಂದವನ್ನು ಈ ಪಟ್ಟಿಗೆ ಎಳೆದು ತಂದಿಲ್ಲ. ಅವುಗಳ ಜಗಳ ಮುಂದಿನ ಸಂಚಿಕೆಗೆ ಇರಲಿ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಅಣ್ಣಾವ್ರ ಸಿನಿಮಾ ಬಿಟ್ಟರೆ ಬೇರೆ ಯಾವುದೂ ಸಿನಿಮಾನೇ ಅಲ್ಲ ಅಂತಾರೆ. 2025ರದ್ದು ಒಂದು ತೋರಿಸಬೇಕು, ಯಾವುದು ಹಾಕಲಿ?
– ಪಾವಗಡ

‘ಮಹಾವತಾರ ನರಸಿಂಹ’ ಹಾಕಿ ಅಂತ ಹೇಳೋಣ ಅಂದುಕೊಂಡೆ, ಭಯವಾಯಿತು. ನಿಮ್ಮ ತಾಯಿ 1983ರ ‘ಭಕ್ತ ಪ್ರಹ್ಲಾದ’ ನೋಡಿಯೇ ಇರುತ್ತಾರೆ. ಅಣ್ಣಾವ್ರ ಹಿರಣ್ಯಕಶಿಪು, ಪುಟ್ಟ ಪುನೀತ್‌ನ ಪ್ರಹ್ಲಾದ ಕಣ್ಣಲ್ಲಿ ಇರುವಾಗ ಕಂಪ್ಯೂಟರ್ ಬೊಂಬೆ ಎಲ್ಲಿ ಹಿಡಿಸುತ್ತದೆ? ‘ಸು ಫ್ರಮ್ ಸೋ’ದ ಮೊದಲ ಭಾಗದಲ್ಲಿ ಕುಡಿತದ ಮಾತು, ಪೋಲಿ ಮಾತು ಸ್ವಲ್ಪ ಜಾಸ್ತಿ, ತಾಯಿಯ ಪಕ್ಕ ಕೂತರೆ ನಿಮಗೇ ಮುಜುಗರ. ‘ಅಜ್ಞಾತವಾಸಿ’ ಹಾಕಿ. ಊರು ಹಳೇದು, ಮನೆ ಹಳೇದು, ಅರಚಾಟ ಇಲ್ಲ. ಸಂಜೆ ಹಾಕಬೇಡಿ, ಸೀರಿಯಲ್ ಹೊತ್ತು. ಭಾನುವಾರ ಊಟ ಆದ ಮೇಲೆ ಹಾಕಿ. ಹತ್ತು ನಿಮಿಷಕ್ಕೆ ನಿದ್ದೆ ಬಂದರೆ ಎಬ್ಬಿಸಬೇಡಿ. ನಿದ್ದೆ ಬರದಿದ್ದರೆ, ಮುಗಿದ ಮೇಲೆ ಅವರು ಏನಂದರು ಅಂತ ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯ ಮೊದಲ ಪತ್ರ ಅದೇ.